ಉದ್ದು, ಹುರುಳಿ, ನೆಲಗಡಲೆಯ ಬಳ್ಳಿ ಮತ್ತು ಹೊಟ್ಟಿನಿಂದ ಒಳ್ಳೆಯ ದನದ ಮೇವು: ಕರಾವಳಿಯ ಹೈನುಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರಿನ ಸುತ್ತಮುತ್ತ ಏಣೇಲು ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ, ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಉದ್ದು, ಹೆಸರು, ಹುರುಳಿ, ಅಲಸಂಡೆಗಳನ್ನು ಬಿತ್ತುವ ಪದ್ಧತಿ ಹಳೆಯದು. ಕುಂದಾಪುರ, ಬೈಂದೂರು ಕಡೆಯ ಮರಳು ಮಿಶ್ರಿತ ಗದ್ದೆಗಳಲ್ಲಿ ನೆಲಗಡಲೆಯೂ ಬೆಳೆಯುತ್ತದೆ. ಕಾಳು ಮನೆಗೆ ಬಂದ ಮೇಲೆ ಉಳಿಯುವ ಬಳ್ಳಿ, ಎಲೆಯ ಪುಡಿ, ಕೋಡಿನ ಸಿಪ್ಪೆ, ಬೇಳೆ ಮಾಡುವಾಗ ಬೇರೆಯಾಗುವ ಹೊಟ್ಟು ಮತ್ತು ನುಚ್ಚು ಅನೇಕ ಮನೆಗಳಲ್ಲಿ ಗದ್ದೆಯ ಮೂಲೆಯಲ್ಲಿ ಬೆಂಕಿಗೆ ಆಹುತಿಯಾಗುತ್ತವೆ, ಇಲ್ಲವೇ ತೆಂಗಿನ ಬುಡ ಸೇರುತ್ತವೆ. ಅದೇ ಮನೆಯವರು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಬೈಹುಲ್ಲಿಗೆ ಹಣ ಎಣಿಸುತ್ತಾರೆ. ಈ ವಿರೋಧಾಭಾಸವನ್ನು ಕಂಡವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ದ್ವಿದಳ ಬೆಳೆಯ ಯಾವ ಯಾವ ಉಳಿಕೆಯನ್ನು ಮೇವಾಗಿ ಬಳಸಬಹುದು?

ಇವುಗಳನ್ನು ಎರಡು ಬಗೆಯಾಗಿ ನೋಡುವುದು ಒಳ್ಳೆಯದು. ಗದ್ದೆ ಮತ್ತು ಅಂಗಳದಲ್ಲಿ ಸಿಗುವ ಬಳ್ಳಿ, ಎಲೆ, ಕಾಳು ಬಡಿದ ಮೇಲೆ ಉಳಿಯುವ ಕೋಡಿನ ಸಿಪ್ಪೆ ಇವೆಲ್ಲ ಒರಟು ಮೇವು. ಇವು ಬೈಹುಲ್ಲಿನ ಸಾಲಿಗೆ ಸೇರುತ್ತವೆ. ಬೇಳೆ ಗಿರಣಿಯಲ್ಲಿ ಸಿಗುವ ಹೊಟ್ಟು, ನುಚ್ಚು ಮತ್ತು ಹಿಟ್ಟಿನಂತಹ ಪುಡಿ ಸೇರಿದ ಮಿಶ್ರಣವನ್ನು ವ್ಯಾಪಾರದಲ್ಲಿ ಚುನ್ನಿ ಎನ್ನುತ್ತಾರೆ. ಇದು ದಾಣಿಯ, ಅಂದರೆ ಹಿಂಡಿ, ತೌಡಿನಂತಹ ಸತ್ವ ಹೆಚ್ಚಿರುವ ಆಹಾರದ ಸಾಲಿಗೆ ಸೇರುತ್ತದೆ. ಗಿರಣಿಗೆ ಹಾಕಿದ ಕಾಳಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 70ರಿಂದ 75 ಭಾಗ ಮಾತ್ರ ಬೇಳೆಯಾಗಿ ಹೊರಬರುವುದರಿಂದ ಈ ಉಳಿಕೆಯ ಪ್ರಮಾಣ ಸಣ್ಣದಲ್ಲ. ಎರಡು ಬಗೆಯನ್ನೂ ಒಂದೇ ಎಂದು ತಿಳಿದು ಬಳ್ಳಿಯನ್ನು ಹಿಂಡಿಯಂತೆ, ಚುನ್ನಿಯನ್ನು ಹುಲ್ಲಿನಂತೆ ಕೊಟ್ಟಾಗಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಬೈಹುಲ್ಲಿಗಿಂತ ಇದು ನಿಜವಾಗಿಯೂ ಉತ್ತಮವೇ?

ಹೌದು, ಎಲೆ ಉಳಿದಿದ್ದರೆ. ಬೈಹುಲ್ಲಿನಲ್ಲಿ ಕಚ್ಚಾ ಪ್ರೋಟೀನು ನೂರಕ್ಕೆ 3ರಿಂದ 4 ಭಾಗವಷ್ಟೇ ಇರುತ್ತದೆ. ಹೊಟ್ಟೆಯ ಮೊದಲ ಕೋಣೆಯಾದ ರೂಮೆನ್‌ನಲ್ಲಿರುವ ಸೂಕ್ಷ್ಮಜೀವಿಗಳಿಗೆ ನಾರನ್ನು ಒಡೆಯಲು ಸಾರಜನಕ ಬೇಕು, ಅದು ಸಿಗುವುದು ಮೇವಿನ ಪ್ರೋಟೀನಿನಿಂದ. ಮೇವಿನಲ್ಲಿ ಪ್ರೋಟೀನು ನೂರಕ್ಕೆ ಸುಮಾರು 7 ಭಾಗಕ್ಕಿಂತ ಕಡಿಮೆಯಾದರೆ ಅವುಗಳ ಕೆಲಸ ನಿಧಾನವಾಗುತ್ತದೆ, ಹುಲ್ಲು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ದನ ತಿನ್ನುವುದೂ ಕಡಿಮೆಯಾಗುತ್ತದೆ. ಎಲೆ ಸಮೇತ ಒಣಗಿಸಿದ ನೆಲಗಡಲೆ ಬಳ್ಳಿಯಲ್ಲಿ ಪ್ರೋಟೀನು ಸಾಮಾನ್ಯವಾಗಿ 8ರಿಂದ 12 ಭಾಗ ಇರುತ್ತದೆ. ಉದ್ದು, ಹುರುಳಿಯ ಬಳ್ಳಿ ಇದಕ್ಕಿಂತ ತುಸು ಕೆಳಗಿದ್ದರೂ ಬೈಹುಲ್ಲಿಗಿಂತ ಖಂಡಿತವಾಗಿ ಮೇಲಿದೆ. ಆದ್ದರಿಂದ ಎರಡನ್ನೂ ಕಲಸಿ ಹಾಕಿದಾಗ ಬಳ್ಳಿಯ ಸತ್ವ ಸಿಗುವುದಲ್ಲದೆ ಜೊತೆಗಿರುವ ಬೈಹುಲ್ಲೂ ಮೊದಲಿಗಿಂತ ಚೆನ್ನಾಗಿ ಜೀರ್ಣವಾಗುತ್ತದೆ.

ಇನ್ನೊಂದು ಲಾಭ ಸುಣ್ಣದ ಅಂಶದ್ದು. ಬೈಹುಲ್ಲಿನಲ್ಲಿರುವ ಆಕ್ಸಲೇಟು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ದನದ ಮೈಗೆ ಸಿಗದಂತೆ ಮಾಡುತ್ತದೆ, ದ್ವಿದಳ ಬಳ್ಳಿಗಳಲ್ಲಿಯಾದರೋ ಕ್ಯಾಲ್ಸಿಯಂ ಧಾರಾಳವಾಗಿದೆ. ಬೈಹುಲ್ಲನ್ನೇ ನೆಚ್ಚಿಕೊಂಡ ಕರಾವಳಿಯ ಹಟ್ಟಿಗಳಿಗೆ ಇದು ಮುಖ್ಯವಾದ ಮಾತು.

ಹಾಗಾದರೆ ಹಿಂಡಿಯನ್ನು ನಿಲ್ಲಿಸಬಹುದೇ?

ನಿಲ್ಲಿಸಬಾರದು. ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಎರಡು ಕೆಜಿ ಬೈಹುಲ್ಲಿನಲ್ಲಿ ಸುಮಾರು 70 ಗ್ರಾಂ ಪ್ರೋಟೀನು ಇರುತ್ತದೆ, ನೂರಕ್ಕೆ 9 ಭಾಗ ಪ್ರೋಟೀನಿರುವ ಎರಡು ಕೆಜಿ ಬಳ್ಳಿಯಲ್ಲಿ 180 ಗ್ರಾಂ. ಹೆಚ್ಚುವರಿಯಾಗಿ ಸಿಕ್ಕಿದ್ದು 110 ಗ್ರಾಂ, ಅಂದರೆ ನೂರಕ್ಕೆ 20 ಭಾಗ ಪ್ರೋಟೀನಿರುವ ಪಶು ಆಹಾರದ ಸುಮಾರು ಅರ್ಧ ಕೆಜಿಗೆ ಸಮ. ದಿನಕ್ಕೆ ಒಂದು ದನಕ್ಕೆ ಅರ್ಧ ಕೆಜಿಯ ಉಳಿತಾಯ ಸಣ್ಣದಲ್ಲವಾದರೂ, ಬಳ್ಳಿ ಕೊಟ್ಟರೆ ದಾಣಿಯೇ ಬೇಡ ಎಂಬ ಮಾತಿಗೆ ಇದು ಆಧಾರವಾಗುವುದಿಲ್ಲ. ಬಳ್ಳಿ ಬೈಹುಲ್ಲಿನ ಬದಲಿಗೆ ಬರಬೇಕಾದದ್ದು, ಹಿಂಡಿಯ ಬದಲಿಗೆ ಅಲ್ಲ. ಹಾಲಿನ ದನಕ್ಕೆ ಮೈ ನಿರ್ವಹಣೆಗೆಂದು ದಿನಕ್ಕೆ ಒಂದರಿಂದ ಒಂದೂವರೆ ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ದಾಣಿ ಎಂಬ ವಾಡಿಕೆಯ ಲೆಕ್ಕದಿಂದ ಅರ್ಧ ಕೆಜಿ ಇಳಿಸಿ, ಒಂದು ವಾರ ಹಾಲಿನ ಅಳತೆಯನ್ನೂ ಕೊಬ್ಬಿನ ಅಂಶವನ್ನೂ ಗಮನಿಸಿ, ಇಳಿಕೆ ಕಾಣದಿದ್ದರೆ ಹಾಗೆಯೇ ಮುಂದುವರಿಸುವುದು ಜಾಣತನ.

ಬಳ್ಳಿಯನ್ನು ಯಾವಾಗ, ಹೇಗೆ ಒಣಗಿಸಬೇಕು?

ಈ ಇಡೀ ಕೆಲಸದಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ಇಲ್ಲಿ. ಪ್ರೋಟೀನಿನ ಬಹುಪಾಲು ಇರುವುದು ಎಲೆಯಲ್ಲಿ, ದಂಟಿನಲ್ಲಿ ಉಳಿಯುವುದು ಹೆಚ್ಚಾಗಿ ನಾರು. ಎಲೆಯಾದರೋ ದಂಟಿಗಿಂತ ಬಹಳ ಮೊದಲೇ ಒಣಗಿ ಗರಿಗರಿಯಾಗುತ್ತದೆ. ದಂಟು ಒಣಗಲಿ ಎಂದು ಕಾದು ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬಳ್ಳಿಯನ್ನು ಮಗುಚಿದರೆ ಎಲೆಯೆಲ್ಲ ಪುಡಿಯಾಗಿ ಗದ್ದೆಯಲ್ಲೇ ಉಳಿಯುತ್ತದೆ, ಮನೆಗೆ ಬರುವುದು ಕಡ್ಡಿ ಮಾತ್ರ. ಆದ್ದರಿಂದ ಕಿತ್ತ ಬಳ್ಳಿಯನ್ನು ಮೊದಲ ದಿನ ತೆಳುವಾಗಿ ಹರಡಬೇಕು. ಮಗುಚುವ ಮತ್ತು ಹೊರುವ ಕೆಲಸವನ್ನು ಬೆಳಿಗ್ಗೆ, ಇಬ್ಬನಿಯ ಮೆದು ಇನ್ನೂ ಸ್ವಲ್ಪ ಇರುವಾಗಲೇ ಮುಗಿಸಬೇಕು. ಎರಡನೆಯ ದಿನದಿಂದ ನೆರಳಿನಲ್ಲಿ, ಗಾಳಿಯಾಡುವ ಕಡೆ, ಅಡಿಕೆ ಸಲಾಕೆ ಅಥವಾ ಬಿದಿರಿನ ಅಟ್ಟಳಿಗೆಯ ಮೇಲೆ ಹಾಕಿದರೆ ಹಸಿರು ಬಣ್ಣವೂ ಎಲೆಯೂ ಹೆಚ್ಚು ಉಳಿಯುತ್ತವೆ. ಉದ್ದನ್ನು ಅಂಗಳದಲ್ಲಿ ಬಡಿಯುವವರು ಕೆಳಗೆ ಟಾರ್ಪಾಲು ಹಾಸಿಕೊಳ್ಳಬೇಕು. ಗೆರಸಿಯಲ್ಲಿ ಕಾಳು ಕೇರುವಾಗ ಹಾರುವ ಎಲೆಪುಡಿಯೇ ಆ ರಾಶಿಯ ಅತ್ಯುತ್ತಮ ಭಾಗ, ಅದನ್ನು ಗುಡಿಸಿ ಚೆಲ್ಲುವುದು ನಷ್ಟ.

ಕರಾವಳಿಯಲ್ಲಿ ಫೆಬ್ರವರಿ, ಮಾರ್ಚ್ ತಿಂಗಳ ಬಿಸಿಲು ಧಾರಾಳವಾಗಿದ್ದರೂ ರಾತ್ರಿಯ ಗಾಳಿಯಲ್ಲಿ ನೀರಿನ ಅಂಶ ಹೆಚ್ಚು. ಹಗಲು ಒಣಗಿದ್ದು ರಾತ್ರಿ ಮತ್ತೆ ತೇವ ಹೀರುತ್ತದೆ, ಹಾಗಾಗಿ ಸಂಜೆ ಗುಪ್ಪೆ ಮಾಡಿ ಮುಚ್ಚಬೇಕು. ನಮ್ಮ ಹಟ್ಟಿಯಲ್ಲಿ ಒಂದು ವರ್ಷ ಈ ಮುಚ್ಚುವ ಕೆಲಸವನ್ನು ಎರಡು ರಾತ್ರಿ ಮರೆತು, ಬೆಳಿಗ್ಗೆ ಒಣಗಿದಂತೆ ಕಂಡ ಬಳ್ಳಿಯನ್ನು ಹಾಗೆಯೇ ಅಟ್ಟಕ್ಕೇರಿಸಿದೆವು. ಮೂರು ವಾರದ ಮೇಲೆ ರಾಶಿಯ ಒಳಗೆ ಕೈಹಾಕಿದಾಗ ಬಿಸಿ ತಗಲಿತು, ನಡುವಿನ ಭಾಗವೆಲ್ಲ ಕಂದಾಗಿ ಬೂಸಲು ಹಿಡಿದಿತ್ತು. ಅಷ್ಟೂ ತೆಂಗಿನ ಬುಡಕ್ಕೆ ಹೋಯಿತು.

ಸಾಕಷ್ಟು ಒಣಗಿದೆ ಎಂದು ತಿಳಿಯುವುದು ಹೇಗೆ?

ಕೂಡಿಡುವ ಮೇವಿನಲ್ಲಿ ತೇವಾಂಶ ನೂರಕ್ಕೆ 15 ಭಾಗ ಮೀರಬಾರದು; ನಮ್ಮ ಹವೆಗೆ 12ರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ದಂಟನ್ನು ತಿರುಚಿದಾಗ ಬಾಗದೆ ಮುರಿಯಬೇಕು, ಉಗುರಿನಿಂದ ಕೆರೆದರೆ ಹಸಿ ಸಿಪ್ಪೆ ಏಳಬಾರದು. ಇನ್ನೂ ಖಚಿತವಾಗಬೇಕಾದರೆ ಒಣ ಗಾಜಿನ ಬಾಟಲಿಗೆ ಕತ್ತರಿಸಿದ ಬಳ್ಳಿಯನ್ನು ತುಂಬಿಸಿ, ಹುರಿದು ತಣಿಸಿದ ಪುಡಿಯುಪ್ಪನ್ನು ಎರಡು ಚಮಚ ಹಾಕಿ, ಮುಚ್ಚಿ ಕುಲುಕಿ, ಹತ್ತು ಹದಿನೈದು ನಿಮಿಷ ಇಡಿ. ಉಪ್ಪು ಗಾಜಿಗೆ ಅಂಟಿದರೆ ಅದು ಇನ್ನೂ ಒಣಗಿಲ್ಲ.

ಮಳೆಗಾಲದಲ್ಲಿ ಎಲ್ಲಿ ಇಡಬೇಕು?

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಅಂಗಳದ ಕುತ್ತರಿ ಬೈಹುಲ್ಲಿಗೆ ಸರಿ, ಬಳ್ಳಿಗೆ ಅಲ್ಲ. ಬೈಹುಲ್ಲಿನ ಎಳೆಗಳು ಮಳೆನೀರನ್ನು ಹೊರಗೆ ಜಾರಿಸುತ್ತವೆ, ಬಳ್ಳಿ ಹಾಗಲ್ಲ, ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಪತ್ತನಾಜೆಯೊಳಗೆ, ಅಂದರೆ ಮೇ ತಿಂಗಳ ಕೊನೆಯ ವಾರದೊಳಗೆ, ಅದನ್ನು ಹಟ್ಟಿಯ ಅಟ್ಟಕ್ಕೋ ಶೆಡ್ಡಿಗೋ ಸೇರಿಸಬೇಕು. ನೆಲದಿಂದ ಒಂದು ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಕತ್ತರಿಸಿ ಗೋಣಿಚೀಲಗಳಲ್ಲಿ ತುಂಬಿಸಿಟ್ಟರೆ ಜಾಗವೂ ಕಡಿಮೆ ಸಾಕು, ಎಲೆಪುಡಿಯೂ ಉದುರಿ ಹೋಗುವುದಿಲ್ಲ. ಪ್ಲಾಸ್ಟಿಕ್ ಚೀಲ ಬೇಡ. ಒಳಗಿನ ತೇವ ಹೊರಹೋಗದೆ ಬೆವರುತ್ತದೆ. ಮೊದಲ ಒಂದು ತಿಂಗಳು ವಾರಕ್ಕೊಮ್ಮೆ ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ. ಬಿಸಿಯಾಗಿದ್ದರೆ ಕೂಡಲೇ ಬಿಚ್ಚಿ ಹರಡಬೇಕು, ಏಕೆಂದರೆ ತೇವವಿರುವ ರಾಶಿ ತನ್ನಷ್ಟಕ್ಕೇ ಬೆಂಕಿ ಹಿಡಿಯುವುದೂ ಉಂಟು.

ಸ್ವಲ್ಪ ಬೂಸಲು ಬಂದಿದೆ, ಬಿಸಿಲಿಗೆ ಹಾಕಿ ಕೊಡಬಹುದೇ?

ಬೇಡ. ಬಿಸಿಲು ಬೂಸಲಿನ ತೇವವನ್ನು ತೆಗೆಯುತ್ತದೆಯೇ ಹೊರತು ಅದು ಬಿಟ್ಟುಹೋದ ವಿಷವನ್ನು ತೆಗೆಯುವುದಿಲ್ಲ. ಆಸ್ಪರ್ಜಿಲಸ್ ಜಾತಿಯ ಬೂಸಲುಗಳು ಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಮನೆಯ ಒಲೆಯ ಕುದಿತಕ್ಕೂ ಜಗ್ಗುವುದಿಲ್ಲ. ನೆಲಗಡಲೆಗೂ ಈ ಬೂಸಲಿಗೂ ಹಳೆಯ ನಂಟು: 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಆಹಾರದಲ್ಲಿದ್ದ ನೆಲಗಡಲೆ ಹಿಂಡಿ, ಈ ವಿಷ ಜಗತ್ತಿಗೆ ಗೊತ್ತಾದದ್ದು ಹಾಗೆ. ದೊಡ್ಡ ದನಗಳು ಸ್ವಲ್ಪ ಪ್ರಮಾಣವನ್ನು ತಾಳಿಕೊಂಡಂತೆ ಕಂಡರೂ ಪಿತ್ತಜನಕಾಂಗ ಕೆಡುತ್ತದೆ, ಹಾಲು ಇಳಿಯುತ್ತದೆ. ಮೇಲಾಗಿ ತಿಂದ ಒಂದು ದಿನದೊಳಗೆ ಅದರ ಇನ್ನೊಂದು ರೂಪವಾದ ಎಂ1 ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಆ ಹಾಲನ್ನು ಕುಡಿಯುವುದು ನಮ್ಮ ಮನೆಯ ಮಕ್ಕಳೇ. ಪಶು ಆಹಾರದಲ್ಲಿ ಅಫ್ಲಾಟಾಕ್ಸಿನ್ ಬಿ1ರ ಮಿತಿ ಕೆಜಿಗೆ 20 ಮೈಕ್ರೋಗ್ರಾಂ, ಹಾಲಿನಲ್ಲಿ ಎಂ1ರ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಇಷ್ಟು ಸಣ್ಣ ಪ್ರಮಾಣ ಕಣ್ಣಿಗಾಗಲಿ ಮೂಗಿಗಾಗಲಿ ತಿಳಿಯುವಂಥದ್ದಲ್ಲ. ಬೂಸಲು ಕಂಡ ಭಾಗವನ್ನಷ್ಟೇ ಅಲ್ಲ, ಅದರ ಸುತ್ತಲಿನ ಭಾಗವನ್ನೂ ಗೊಬ್ಬರಕ್ಕೆ ಹಾಕುವುದೇ ಸರಿ.

ನೆಲಗಡಲೆ ಬಳ್ಳಿಯಲ್ಲಿ ಮರಳು ಹೆಚ್ಚು, ಅದರಿಂದ ತೊಂದರೆಯೇ?

ತೊಂದರೆ ನಿಜ. ಬೈಂದೂರು, ಕುಂದಾಪುರದ ಮರಳು ನೆಲದಿಂದ ಬೇರುಸಹಿತ ಕಿತ್ತ ಬಳ್ಳಿಯಲ್ಲಿ ಹಿಡಿದುಕೊಂಡ ಮರಳು ದಿನವೂ ಹೊಟ್ಟೆಗೆ ಹೋದರೆ ತಳದಲ್ಲಿ ಕೂಡುತ್ತಾ ಹೋಗಿ ಮೆಲುಕು ನಿಲ್ಲುವಂತೆ ಮಾಡುತ್ತದೆ. ಒಣಗಿದ ಮೇಲೆ ಬೇರಿನ ಭಾಗವನ್ನು ಕತ್ತಿಯಿಂದ ತರಿದು ತೆಗೆದು, ಉಳಿದದ್ದನ್ನು ಬಿದಿರಿನ ತಡಿಕೆಯ ಮೇಲೆ ಕೊಡವಬೇಕು. ನೀರಿನಲ್ಲಿ ತೊಳೆಯುವುದು ಕೂಡಲೇ ಕೊಡುವುದಾದರೆ ಮಾತ್ರ.

ಕಾಯಿಯ ಗಟ್ಟಿ ಸಿಪ್ಪೆಯನ್ನು ಮೇವೆಂದು ಎಣಿಸಲೇಬಾರದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮರದಂತಹ ನಾರು, ಅದನ್ನು ಪುಡಿಮಾಡಿ ಆಹಾರಕ್ಕೆ ಬೆರೆಸುವುದು ದನದ ಹೊಟ್ಟೆಗೂ ಕೊಳ್ಳುವವರ ಕಿಸೆಗೂ ಮಾಡುವ ಮೋಸ. ಹಟ್ಟಿಯಲ್ಲಿ ಕರುಗಳಿಗೆ ಹಾಸಲು ಅದು ಒಳ್ಳೆಯದು.

ಉದ್ದಿನ ಚುನ್ನಿಯಿಂದ ಮನೆಯಲ್ಲೇ ದಾಣಿ ತಯಾರಿಸಬಹುದೇ?

ಧಾರಾಳವಾಗಿ ತಯಾರಿಸಬಹುದು. ಉದಾಹರಣೆಗೆ ನೂರು ಕೆಜಿ ಮಿಶ್ರಣಕ್ಕೆ ಪುಡಿಮಾಡಿದ ಮುಸುಕಿನ ಜೋಳ 35 ಕೆಜಿ, ನೆಲಗಡಲೆ ಹಿಂಡಿ 25 ಕೆಜಿ, ಉದ್ದಿನ ಚುನ್ನಿ 20 ಕೆಜಿ, ಅಕ್ಕಿ ತೌಡು 17 ಕೆಜಿ, ಖನಿಜ ಮಿಶ್ರಣ 2 ಕೆಜಿ, ಉಪ್ಪು 1 ಕೆಜಿ. ಇದರಲ್ಲಿ ಪ್ರೋಟೀನು ನೂರಕ್ಕೆ ಸುಮಾರು 19 ಭಾಗ ಬರುತ್ತದೆ. ಚುನ್ನಿಯನ್ನು ಕಾಲು ಭಾಗಕ್ಕಿಂತ ಮೇಲೆ ಏರಿಸದಿರುವುದು ಲೇಸು, ಏಕೆಂದರೆ ಅದರಲ್ಲಿ ನುಚ್ಚು ಎಷ್ಟು, ಬರೀ ಹೊಟ್ಟು ಎಷ್ಟು ಎಂಬುದು ಗಿರಣಿಯಿಂದ ಗಿರಣಿಗೆ ಬದಲಾಗುತ್ತದೆ. ಒಂದು ಹಿಡಿಯನ್ನು ನೀರಿಗೆ ಹಾಕಿ ನೋಡಿದರೆ ತೇಲುವ ಹೊಟ್ಟು, ಮುಳುಗುವ ನುಚ್ಚು, ಅದಕ್ಕೂ ಕೆಳಗೆ ಕೂರುವ ಮಣ್ಣು ಮೂರೂ ಬೇರೆಯಾಗಿ ಕಾಣುತ್ತವೆ. ಎಣ್ಣೆ ತೆಗೆಯದ ತೌಡು ನಮ್ಮ ಹವೆಯಲ್ಲಿ ಬೇಗ ಮುಗ್ಗಲು ವಾಸನೆ ಹಿಡಿಯುವುದರಿಂದ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಕಲಸಬೇಕು.

ಹುರುಳಿ, ಅಂದರೆ ತುಳುವಿನ ಕುಡು, ಇದರ ಹೊಟ್ಟಿನಲ್ಲಿ ಒಗರಿನ ಟ್ಯಾನಿನ್ ಇರುತ್ತದೆ. ಮೆಲುಕು ಹಾಕುವ ಪ್ರಾಣಿಗಳ ರೂಮೆನ್ ಇದನ್ನು ಹೆಚ್ಚಿನಂಶ ಸಹಿಸಿಕೊಳ್ಳುತ್ತದೆ. ಕೋಳಿ, ಹಂದಿಗಳಿಗೆ ಆ ಸೌಲಭ್ಯವಿಲ್ಲ. ಕಾಳಿನ ನುಚ್ಚನ್ನು ಬೇಯಿಸಿ ಕೊಡುವ ಹಳೆಯ ರೂಢಿಗೆ ಕಾರಣವಿದೆ: ಹಸಿ ಕಾಳಿನಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶಗಳು ಬೆಂದಾಗ ನಿಷ್ಕ್ರಿಯವಾಗುತ್ತವೆ.

ಇಡ್ಲಿಗೆ ನೆನೆಸಿದ ಉದ್ದಿನ ಹಸಿ ಹೊಟ್ಟನ್ನು ಕೊಡಬಹುದೇ?

ಕರಿ ಉದ್ದನ್ನು ನೆನೆಸಿ ತಿಕ್ಕಿ ತೊಳೆಯುವ ಮನೆಗಳಲ್ಲಿ ಮತ್ತು ಹೋಟೆಲುಗಳಲ್ಲಿ ಸಿಗುವ ಈ ಹೊಟ್ಟು ಅದೇ ದಿನ ಕೊಟ್ಟರೆ ಒಳ್ಳೆಯ ಮೇವು. ಅಕ್ಕಚ್ಚಿನ ಜೊತೆ ದನ ಇಷ್ಟಪಟ್ಟು ತಿನ್ನುತ್ತದೆ. ಮರುದಿನಕ್ಕೆ ಅದು ಹುಳಿಯುತ್ತದೆ, ಆಮೇಲೆ ಕೊಳೆಯುತ್ತದೆ. ಇದೇ ನೆಪದಲ್ಲಿ ಉಳಿದ ಹುಳಿಹಿಟ್ಟು, ಅನ್ನವನ್ನು ಬಕೆಟ್ಟುಗಟ್ಟಲೆ ತಂದು ಸುರಿಯುವುದು ಅಪಾಯ. ಪಿಷ್ಟ ಒಮ್ಮೆಲೇ ಹೆಚ್ಚಾದರೆ ರೂಮೆನ್‌ನಲ್ಲಿ ಆಮ್ಲತೆ ಏರಿ ದನ ಮಲಗಿಬಿಡುತ್ತದೆ; ಮದುವೆ, ಅನ್ನಸಂತರ್ಪಣೆಯ ಮರುದಿನ ಪಶುವೈದ್ಯರಿಗೆ ಬರುವ ಕರೆಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಹಸಿ ಬಳ್ಳಿಯನ್ನು ರಸಮೇವು ಮಾಡಬಹುದೇ?

ಒಂಟಿಯಾಗಿ ಕಷ್ಟ, ಜೊತೆಗೂಡಿಸಿದರೆ ಸುಲಭ. ರಸಮೇವು ಅಂದರೆ ಸೈಲೇಜು ಕೆಡದೆ ಉಳಿಯುವುದು ಸಕ್ಕರೆಯಿಂದ ಹುಟ್ಟುವ ಲ್ಯಾಕ್ಟಿಕ್ ಆಮ್ಲದ ಬಲದಿಂದ. ದ್ವಿದಳ ಬಳ್ಳಿಗಳಲ್ಲಿ ಸಕ್ಕರೆ ಕಡಿಮೆ, ಪ್ರೋಟೀನು ಮತ್ತು ಖನಿಜ ಹೆಚ್ಚು, ಹಾಗಾಗಿ ಹುಳಿ ಏರುವುದಕ್ಕೆ ಅವು ಅಡ್ಡಬರುತ್ತವೆ. ಫಲವಾಗಿ ಹುಳಿವಾಸನೆಯ ಬದಲು ಕೊಳೆತ ವಾಸನೆಯ, ಜಾರುವ ಮುದ್ದೆ ಕೈಗೆ ಸಿಗುತ್ತದೆ. ಕಾಯಿ ಬಿಡಿಸಿದ ಮೇಲೂ ಹಸಿರಾಗಿರುವ ಅಲಸಂಡೆ ಬಳ್ಳಿ ಒಂದು ಪಾಲಿಗೆ ನೇಪಿಯರ್ ಹುಲ್ಲು ಅಥವಾ ಮುಸುಕಿನ ಜೋಳದ ಹಸಿ ದಂಟು ಮೂರು ಪಾಲು ಬೆರೆಸಿ, ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ನೂರು ಕೆಜಿಗೆ ಎರಡು ಮೂರು ಕೆಜಿ ಬೆಲ್ಲವನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಡ್ರಮ್ಮಿನಲ್ಲಿ ಪದರ ಪದರವಾಗಿ ತುಳಿದು ಗಾಳಿ ತೆಗೆದು ಮುಚ್ಚಬೇಕು. ತುಂಬಿಸುವಾಗ ತೇವಾಂಶ ನೂರಕ್ಕೆ 65ರಿಂದ 70 ಇರಲಿ; ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. 45 ದಿನಗಳ ಬಳಿಕ ತೆರೆಯಬಹುದು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹುಲ್ಲು ಕೊಯ್ಯಲಾಗದ ದಿನಗಳಿಗೆ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ.

ಬಳ್ಳಿ ತಿಂದರೆ ಹೊಟ್ಟೆ ಉಬ್ಬರಿಸುವುದಿಲ್ಲವೇ?

ಒಣಬಳ್ಳಿಯಿಂದ ಉಬ್ಬರ ಅಪರೂಪ, ಎಳೆಯ ಹಸಿ ಸೊಪ್ಪಿನಿಂದ ಸಾಮಾನ್ಯ. ಹಸಿ ಎಲೆಯ ಪ್ರೋಟೀನು ರೂಮೆನ್‌ನಲ್ಲಿ ನೊರೆ ಕಟ್ಟಿ ಅನಿಲ ತೇಗಿನಲ್ಲಿ ಹೊರಬರದಂತೆ ಮಾಡುತ್ತದೆ. ಮೊದಲು ಬೈಹುಲ್ಲು ತಿನ್ನಿಸಿ ಅನಂತರ ಬಾಡಿಸಿದ ಸೊಪ್ಪನ್ನು ಕೊಟ್ಟರೆ ಹೆಚ್ಚಿನ ಸಂದರ್ಭಗಳಲ್ಲಿ ತೊಂದರೆಯಾಗದು. ಎಡ ಪಕ್ಕೆ ಉಬ್ಬಿ ದನ ಏದುಸಿರು ಬಿಡುತ್ತಿದ್ದರೆ ಪಶುವೈದ್ಯರನ್ನು ತಕ್ಷಣ ಕರೆಯಬೇಕು. ಗಂಟಲಿಗೆ ಎಣ್ಣೆ ಸುರಿಯುವ ಆತುರದಲ್ಲಿ ಅದು ಶ್ವಾಸಕೋಶಕ್ಕೆ ಹೋದರೆ ಉಬ್ಬರಕ್ಕಿಂತ ದೊಡ್ಡ ಆಪತ್ತು.

ಯೂರಿಯಾ ಉಪಚಾರ ಬೇಕೇ?

ಬಳ್ಳಿಗೆ ಬೇಡ. ನೂರು ಕೆಜಿಗೆ 4 ಕೆಜಿ ಯೂರಿಯಾ ಕರಗಿಸಿದ ನೀರು ಚಿಮುಕಿಸಿ ಮೂರು ವಾರ ಮುಚ್ಚಿಡುವ ಆ ವಿಧಾನ ಬೈಹುಲ್ಲಿನಂತಹ ಸತ್ವಹೀನ ಮೇವಿಗಾಗಿ ಇರುವುದು.

ದಿನಕ್ಕೆ ಎಷ್ಟು ಕೊಡಬೇಕು?

ಸುಮಾರು 350 ಕೆಜಿ ತೂಗುವ, ದಿನಕ್ಕೆ ಎಂಟು ಲೀಟರ್ ಕರೆಯುವ ಜೆರ್ಸಿ ಮಿಶ್ರತಳಿಯ ಹಸುವಿಗೆ ಎರಡು ಕೆಜಿ ಬಳ್ಳಿ, ಎರಡು ಕೆಜಿ ಬೈಹುಲ್ಲು, ಹನ್ನೆರಡು ಕೆಜಿ ಹಸಿಹುಲ್ಲು, ನಾಲ್ಕು ಕೆಜಿ ದಾಣಿ ಎಂಬುದು ಸರಿಯಾದ ಆರಂಭ. ಮಲೆನಾಡು ಗಿಡ್ಡ ತಳಿಯ ದನಕ್ಕೆ ಅದರ ಸಣ್ಣ ಮೈಗೆ ತಕ್ಕಂತೆ ಮುಕ್ಕಾಲು ಕೆಜಿ ಬಳ್ಳಿ ಸಾಕು. ಕಾಡುಗುಡ್ಡ ಮೇಯ್ದು ಬರುವ ಆ ದನಕ್ಕೆ ಬೇಸಿಗೆಯಲ್ಲಿ ಇಷ್ಟೇ ದೊಡ್ಡ ಉಪಕಾರ. ಯಾವುದೇ ಹೊಸ ಮೇವನ್ನು ಒಂದು ವಾರದಿಂದ ಹತ್ತು ದಿನಗಳಲ್ಲಿ ಹಂತಹಂತವಾಗಿ ಏರಿಸಬೇಕು. ಮೂರು ತಿಂಗಳ ಒಳಗಿನ ಕರುಗಳಿಗೆ ಎಲೆಪುಡಿಯನ್ನಷ್ಟೇ ಕೊಡಿ. ಆಡುಗಳು ಎಲೆಯನ್ನು ಆರಿಸಿ ತಿಂದು ದಂಟನ್ನು ಬಿಡುತ್ತವೆ, ಬಿಟ್ಟದ್ದನ್ನು ಕತ್ತರಿಸಿ ದನಕ್ಕೆ ಹಾಕಬಹುದು.

ರೋಗ ಬಂದ ಅಥವಾ ಔಷಧಿ ಹೊಡೆದ ಬೆಳೆಯ ಬಳ್ಳಿ?

ಉದ್ದಿನ ಹಳದಿ ನಂಜು ಗಿಡದ ವೈರಸ್ಸಿನದು, ದನಕ್ಕೆ ಅದು ತಗಲುವುದಿಲ್ಲ. ಕೀಟನಾಶಕದ ವಿಷಯ ಬೇರೆ: ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿಯದಿದ್ದರೆ ಆ ಬಳ್ಳಿ ಹಟ್ಟಿಗೆ ಬರಬಾರದು. ಕಾಳಿಗೆ ಅವಧಿ ಲೆಕ್ಕ ಹಾಕುವವರೂ ಬಳ್ಳಿಯ ವಿಷಯದಲ್ಲಿ ಮರೆಯುತ್ತಾರೆ, ಆದರೆ ಸಿಂಪಡಿಸಿದ್ದೆಲ್ಲ ಮೊದಲು ಬೀಳುವುದು ಎಲೆಯ ಮೇಲೆಯೇ.

ಕುದುರೆ ಮೆಂತೆಯ (ಲೂಸರ್ನ್ ಎಂಬ ದ್ವಿದಳ ಮೇವಿನ ಬೆಳೆ) ಸೊಪ್ಪನ್ನು ಹಿಂಡಿ ಪ್ರೋಟೀನು ತೆಗೆಯುವ ವಿಧಾನ ಇಲ್ಲಿ ನಡೆಯುವುದೇ?

ಸೊಪ್ಪನ್ನು ಅರೆದು ಹಿಂಡಿ, ರಸವನ್ನು 80 ಡಿಗ್ರಿಗೂ ಮೇಲೆ ಕಾಯಿಸಿದರೆ ಹಾಲು ಒಡೆದಂತೆ ಎಲೆಯ ಪ್ರೋಟೀನು ಗಟ್ಟಿಯಾಗಿ ಬೇರ್ಪಡುತ್ತದೆ. ಹಿಂಡಿದ ಮೇಲೆ ಉಳಿದ ಜಿಗಟು ನಾರಿನಲ್ಲೂ ಪ್ರೋಟೀನಿನ ಗಣನೀಯ ಭಾಗ ಇರುವುದರಿಂದ ಅದು ದನಗಳಿಗೆ ಒಳ್ಳೆಯ ಮೇವು, ರಸಮೇವಿಗೂ ಆಗುತ್ತದೆ. ಆದರೆ ಕುದುರೆ ಮೆಂತೆಗೆ ಹುಳಿಯಿಲ್ಲದ, ನೀರು ನಿಲ್ಲದ ಮಣ್ಣು ಬೇಕು. ಕರಾವಳಿಯ ಮುರಕಲ್ಲಿನ ಹುಳಿ ಮಣ್ಣಿಗೂ ಮಳೆಗೂ ಅದು ಒಗ್ಗುವುದಿಲ್ಲ. ಇಂತಹ ಪ್ರಯೋಗ ಮಾಡಬಯಸುವವರು ಅಲಸಂಡೆಯ ಸೊಪ್ಪಿನಿಂದ ಆರಂಭಿಸುವುದು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ನಾಲ್ಕೈದು ದನಗಳ ಮನೆಗೆ ಇದರ ಸೌದೆಯ ಖರ್ಚೇ ಭಾರವಾದೀತು.

ಸಲಹೆ ಮತ್ತು ಪರೀಕ್ಷೆಗೆ ಎಲ್ಲಿ ಹೋಗಬೇಕು?

ಉಡುಪಿ ಜಿಲ್ಲೆಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ, ದಕ್ಷಿಣ ಕನ್ನಡದವರಿಗೆ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರದವು. ಎರಡೂ ಜಿಲ್ಲೆಗಳ ಹಾಲಿನ ಸೊಸೈಟಿಗಳು ದಕ್ಷಿಣ ಕನ್ನಡ ಹಾಲು ಒಕ್ಕೂಟಕ್ಕೆ ಸೇರಿರುವುದರಿಂದ ಸೊಸೈಟಿಯ ಮೂಲಕ ಒಕ್ಕೂಟದ ಪಶುವೈದ್ಯರನ್ನೂ ಕೇಳಬಹುದು. ಪರೀಕ್ಷೆಗೆ ಕಳುಹಿಸುವಾಗ ರಾಶಿಯ ಮೇಲಿನ ಚೆಂದದ ಭಾಗವನ್ನು ಆರಿಸಬೇಡಿ. ಮೇಲೆ, ನಡುವೆ, ತಳದಲ್ಲಿ ಐದಾರು ಕಡೆಯಿಂದ ತೆಗೆದು ಕಲಸಿ, ಅರ್ಧ ಕೆಜಿಯನ್ನು ಕಾಗದದ ಚೀಲದಲ್ಲಿ ಹಾಕಿ, ಬೆಳೆಯ ಹೆಸರು ಮತ್ತು ಕಿತ್ತ ದಿನಾಂಕ ಬರೆಯಿರಿ. ವರದಿಯಲ್ಲಿ ಬರುವ ಕಚ್ಚಾ ಪ್ರೋಟೀನು ನೇರವಾಗಿ ಅಳೆದದ್ದಲ್ಲ, ಸಾರಜನಕವನ್ನು ಅಳೆದು 6.25ರಿಂದ ಗುಣಿಸಿದ ಲೆಕ್ಕ. ಯೂರಿಯಾ ಬೆರೆಸಿದ ಚುನ್ನಿಯೂ ಈ ಲೆಕ್ಕದಲ್ಲಿ ಉತ್ತಮವಾಗಿಯೇ ಕಾಣುವುದರಿಂದ, ಹೊರಗಿನಿಂದ ಕೊಂಡ ಮಾಲಾದರೆ ಯೂರಿಯಾ ಪರೀಕ್ಷೆಯನ್ನೂ ಅಫ್ಲಾಟಾಕ್ಸಿನ್ ಪರೀಕ್ಷೆಯನ್ನೂ ಪ್ರತ್ಯೇಕವಾಗಿ ಕೇಳಿ ಮಾಡಿಸಿಕೊಳ್ಳಬೇಕು.